ಚಾವಡಿ ಹತ್ತಿದ ಚಂದ್ರಿಕೆ

ಹೊಂಗೇದೊಡ್ಡಿಯಲ್ಲಿ ಕೋಳಿ ಕೂಗುವುದಕ್ಕೂ ಮುಂಚೆ ಎದ್ದಿರುವವರು ಇಬ್ಬರೇ. ಒಬ್ಬರು ಪುಟ್ಟಗೌರಮ್ಮ, ಇನ್ನೊಬ್ಬರು ಅವರ ಮನೆಯ ರೇಷ್ಮೆಹುಳ. ಹುಳಕ್ಕೆ ಹೊಟ್ಟೆಯ ಚಿಂತೆ, ಪುಟ್ಟಗೌರಮ್ಮನಿಗೆ ಹುಳದ ಚಿಂತೆ. ಬಚ್ಚಲ ಕಲ್ಲಿನ ಮೇಲೆ ನಿಂತು ಕೈಕಾಲು ತೊಳೆದು, ಸೆರಗನ್ನು ಸೊಂಟಕ್ಕೆ ಬಿಗಿದು, ಲಾಟೀನು ಹಿಡಿದು ಅವರು ಹುಳದ ಮನೆಗೆ ಕಾಲಿಡುತ್ತಾರೆ. ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಅಟ್ಟಣೆ ಏರಿ ಕೂತಿವೆ. ಸಂಜೆ ಕುಯ್ದು ಒದ್ದೆ ಗೋಣಿ ಮುಚ್ಚಿಟ್ಟಿದ್ದ ಹಿಪ್ಪುನೇರಳೆ ಸೊಪ್ಪನ್ನು ಹರಡಿದ್ದೇ ತಡ, ತಟ್ಟೆ ತಟ್ಟೆಯಲ್ಲೂ ಚರಚರ ಸದ್ದು ಏಳುತ್ತದೆ. "ತಿನ್ನಿ ನನ್ನವ್ವ, ತಿನ್ನಿ. ನೀವು ತಿಂದ್ರೇನೆ ನಮ್ಗೂ ತಿನ್ನಕ್ಕೆ ಸಿಗದು" ಎಂದು ಪುಟ್ಟಗೌರಮ್ಮ ಎಳೆ ಮಕ್ಕಳಿಗೆ ಹೇಳುವಂತೆ ಹೇಳುತ್ತಾರೆ.

ಹೊರಗೆ ಯಾರೋ ಕೆಮ್ಮುತ್ತಾರೆ. "ಛೇರ್ಮನ್ನಮ್ಮಾ, ಇದ್ದೀರಾ?"

"ಬೀಡಿ ಆರ್ಸಿ ಬಿಸಾಕಣ್ಣ. ಅಲ್ಲೇ ನಿಂತ್ಕಂಡು ಯೋಳು. ಒಳಿಕೆ ಗಿಳಿಕೆ ಬಂದೀಯೆ!"

ಬಂದವರು ಬೀಡಿಯನ್ನು ಕಲ್ಲಿಗೆ ಉಜ್ಜಿ ಆರಿಸಿ, ಬಾಗಿಲಿಂದ ಮಾರು ದೂರದಲ್ಲೇ ನಿಂತು, ತಮ್ಮ ಬೀದಿಯ ದೀಪ ಉರಿಯುತ್ತಿಲ್ಲವೆಂಬ ದೂರನ್ನು ಗೋಡೆಗೆ ಹೇಳಿದಂತೆ ಹೇಳುತ್ತಾರೆ. ಗೋಡೆಯ ಆಚೆಯಿಂದ ಉತ್ತರ ಬರುತ್ತದೆ: "ಸೆಕ್ರೆಟ್ರಿ ಬರ್ಲಿ. ಇವತ್ತೇ ಕೊಳ್ಳೇಗಾಲಕ್ಕೆ ಕಾಗ್ಜ ಬರಸ್ತೀನಿ. ಅಲ್ಲಿಗಂಟ ಮನೆ ಮುಂದೆ ಒಂದು ಬುಡ್ಡಿ ಇಡು, ಎಡವಿ ಗಿಡವಿ ಬಿದ್ದೀರಿ."

ಹೌದು, ಇವರೇ ಈ ಊರಿನ ಗ್ರಾಮ ಪಂಚಾಯಿತಿಯ ಛೇರ್ಮನ್. ಹನೂರಿನಿಂದ ಅಜ್ಜೀಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತು "ಹೊಂಗೇದೊಡ್ಡಿ ಛೇರ್ಮನ್ನರ ಮನೆ ಎಲ್ಲಿ?" ಎಂದು ಕೇಳಿದರೆ ಕಂಡಕ್ಟರು ನಗುತ್ತಾನೆ. "ಇಳ್ದು ಸೊಪ್ಪಿನ ವಾಸ್ನೆ ಇಡ್ಕಂಡು ಓಗಿ ಸಾ." ಛೇರ್ಮನ್ ಎಂದರೆ ಗರಿಗರಿ ಪಂಚೆ, ಹೆಗಲ ಮೇಲೆ ವಲ್ಲಿ, ಹಿಂದೆ ನಾಲ್ಕು ಜನ ಎಂದುಕೊಂಡು ಬಂದವರಿಗೆ ಇಲ್ಲಿ ಸಿಗುವುದು ಬೆರಳ ತುದಿಗೆಲ್ಲ ಸೊಪ್ಪಿನ ಕರೆ ಹತ್ತಿಸಿಕೊಂಡ, ನಲವತ್ತರ ಅಂಚಿನ, ಮಾತಿಗೊಮ್ಮೆ ನಗುವ ಒಬ್ಬ ಹೆಂಗಸು. ಅವರ ಹಿಂದೆ ನಾಲ್ಕು ಜನ ಇಲ್ಲ. ಮೇಕೆ ಒಂದಿದೆ.

ಪುಟ್ಟಗೌರಮ್ಮನ ತವರು ಪಾಲಾರ್. ಹೊಳೆ ದಾಟಿದರೆ ತಮಿಳು ಸೀಮೆ, ದಾಟದಿದ್ದರೂ ಅರ್ಧ ತಮಿಳೇ. ಕನ್ನಡ ಅವ್ವನಿಂದ, ತಮಿಳು ಹೊಳೆಯಿಂದ ಕಲಿತೆ ಎನ್ನುತ್ತಾರೆ ಅವರು. ಊರಿನ ಮೇಷ್ಟರು ಮರಳಿನ ಮೇಲೆ ಬರೆಸಿದ ಅಕ್ಷರ ಮೂರನೇ ಕ್ಲಾಸಿಗೆ ನಿಂತಿತು. ಆಮೇಲೆ ಮದುವೆ.

"ನಾನು ಮದ್ವೆ ಆಗಿ ಬಂದಾಗ ಇದು ಕೊಯಮತ್ತೂರು ಜಿಲ್ಲೆ ಸಾ. ವರ್ಸ ತುಂಬದ್ರೊಳ್ಗೆ ಮೈಸೂರು ರಾಜ್ಯ ಆಗೋಯ್ತು. ಈಗ ನೋಡುದ್ರೆ ಕರ್ನಾಟಕ ಅಂತಾರೆ. ನಾನಂತೂ ಕೂತ ಜಾಗ ಬುಟ್ಟು ಎದ್ದಿಲ್ಲ, ಮೂರು ಸರ್ಕಾರ ನೋಡ್ಬುಟ್ಟೆ!" ಎಂದು ತಮ್ಮ ಕತೆ ಬರೆಯಲು ಬಂದವರಿಗೆ ಹೇಳುತ್ತಾರೆ.

ಗಂಡ ರಂಗನಾಯಕ ಮಾತು ಕಡಿಮೆಯ ಮನುಷ್ಯ. ತುಂಡು ಹೊಲ, ಅದರಲ್ಲೊಂದಿಷ್ಟು ಹಿಪ್ಪುನೇರಳೆ, ಉಳಿದದ್ದು ರಾಗಿ. ಮದುವೆಯಾದ ಎರಡನೇ ಬೇಸಗೆಗೆ ಮೇಲಿನ ಬೀದಿಯ ಬಾವಿ ತಳ ಕಂಡಿತು. ಹೊಳೆ ದಂಡೆಯ ಹುಡುಗಿಗೆ ನೀರಿಗಾಗಿ ಅಲೆಯುವುದು ಎಂದರೇನೆಂದು ಆಗಲೇ ಗೊತ್ತಾಗಿದ್ದು. ಕೆಳಗಿನ ಬೀದಿಯವರು ಹಳ್ಳದ ಮರಳು ತೋಡಿ ಒರತೆ ಮಾಡಿಕೊಂಡು, ತೆಂಗಿನ ಚಿಪ್ಪಿನಲ್ಲಿ ಮೊಗೆದು ಮೊಗೆದು ಕೊಡ ತುಂಬಿಸುತ್ತಿದ್ದರು. ಅವರಿಗೆ ಬಾವಿ ತುಂಬಿದರೂ ಒಂದೇ, ಬತ್ತಿದರೂ ಒಂದೇ. ಮೇಲಿನ ಬೀದಿಯ ಬಾವಿಗೆ ಅವರು ಕೊಡ ಇಳಿಸುವಂತಿರಲಿಲ್ಲ. ಬೆಳ್ಳಂಬೆಳಿಗ್ಗೆ ಖಾಲಿ ಕೊಡ ಹಿಡಿದು ನಾಚಿಕೆಯಿಂದ ಹಳ್ಳದ ದಂಡೆಯಲ್ಲಿ ನಿಂತ ಹೊಸ ಸೊಸೆಯನ್ನು ಕಂಡು ಕೆಂಪಮಾದಮ್ಮ ಎಂಬ ಗಟ್ಟಿ ಹೆಂಗಸು ತನ್ನ ಕೊಡವನ್ನು ಪಕ್ಕಕ್ಕೆ ಸರಿಸಿದಳು. "ಬಾರವ್ವ, ನಿಂದು ತುಂಬ್ಕೊ. ನಮ್ದು ಇದ್ದದ್ದೇ."

"ಅಷ್ಟು ಸಾಲ್ನಾಗೆ ನಂಗೆ ಸರದಿ ಬುಟ್ಟುಕೊಟ್ಲು. ಅವರ ನೀರು ಕುಡ್ದೆ. ನಮ್ಮ ಬಾವೀಲಿ ಅವರ ಕೊಡ ಇಳಿಯಂಗಿಲ್ಲ, ಅವರ ಒರತೇಲಿ ನಮ್ಮ ಕೊಡ ಇಳೀಬೋದು. ಇದ್ಯಾವ ನ್ಯಾಯ ಯೋಳಿ?" ಈ ಮಾತನ್ನು ಹೇಳುವಾಗ ಮಾತ್ರ ಪುಟ್ಟಗೌರಮ್ಮನ ಮುಖದಲ್ಲಿ ನಗು ಇಲ್ಲ.

ಪಂಚಾಯಿತಿಗೆ ಅವರು ಬಂದ ಕತೆ ಸ್ವಾರಸ್ಯವಾಗಿದೆ. ಹೆಂಗಸರಿಗೆಂದು ಜಾಗ ಮೀಸಲಿಟ್ಟಾಗ, ಮೂರನೇ ಕ್ಲಾಸು ಓದಿದವಳು, ಎದುರು ಮಾತಾಡದವಳು ಎಂದು ಊರ ಹಿರಿಯರೇ ಇವರ ಹೆಸರು ಬರೆಸಿದರು. ಎರಡನೆಯದರಲ್ಲಿ ಅವರ ಲೆಕ್ಕ ತಪ್ಪಿತ್ತು, ಅದು ಗೊತ್ತಾಗಲು ಸಮಯ ಹಿಡಿಯಿತು. ಮೊದಲ ವರ್ಷಗಳಲ್ಲಿ ಮೀಟಿಂಗು ಚಾವಡಿಯಲ್ಲಿ, ಪುಟ್ಟಗೌರಮ್ಮ ಒಲೆಯ ಮುಂದೆ. ಎಲ್ಲ ಮುಗಿದ ಮೇಲೆ ಪಂಚಾಯಿತಿ ಜವಾನ ಮಂಟೇಸ್ವಾಮಿ ಪುಸ್ತಕ ತಂದು ಹಿತ್ತಲ ಬಾಗಿಲಲ್ಲಿ ನಿಂತು ರುಜು ಹಾಕಿಸಿಕೊಂಡು ಹೋಗುತ್ತಿದ್ದ.

ಮುಂದಿನ ಚುನಾವಣೆಯಲ್ಲಿ ಛೇರ್ಮನ್‌ಗಿರಿಗೆ ಇಬ್ಬರು ಟವಲು ಹಾಕಿದರು. ಒಬ್ಬರು ದೊಡ್ಡ ಜಮೀನಿನ ಸದಾಶಿವಪ್ಪ, ಇನ್ನೊಬ್ಬರು ಗೂಡಿನ ವ್ಯಾಪಾರದ ಕೆಂಪನಂಜಪ್ಪ. ಸದಾಶಿವಪ್ಪ ಆದರೆ ಕೆಂಪನಂಜಪ್ಪ ಒಪ್ಪ, ಕೆಂಪನಂಜಪ್ಪ ಆದರೆ ಸದಾಶಿವಪ್ಪ ಬಿಡ. ಹಗ್ಗ ಜಗ್ಗಾಟದಲ್ಲಿ ಸುಸ್ತಾದ ಇಬ್ಬರಿಗೂ ಒಂದೇ ಉಪಾಯ ಹೊಳೆಯಿತು: ಆ ಹೆಂಗಸನ್ನು ಕೂರಿಸೋಣ, ಅವಳು ನನ್ನ ಮಾತು ಕೇಳುತ್ತಾಳೆ. ಇಬ್ಬರೂ ಹಾಗೇ ಅಂದುಕೊಂಡರು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುವುದು ಸುಳ್ಳಲ್ಲ. ಸದಾಶಿವಪ್ಪ ವೈಸ್ ಛೇರ್ಮನ್ ಆಗಿ ತೃಪ್ತಿಪಟ್ಟರು.

ಛೇರ್ಮನ್ ಆದರೇನು, ಕೂರುವುದೆಲ್ಲಿ? ಹೊಂಗೇದೊಡ್ಡಿಯ ಚಾವಡಿಗೆ ಸೊಂಟದ ಎತ್ತರದ ಜಗಲಿ, ಕಲ್ಲಿನ ಕಂಬ, ನಾಡಹೆಂಚಿನ ಮಾಡು. ಆ ಜಗಲಿಯನ್ನು ಹೆಂಗಸರು ಹತ್ತಿದ ದಾಖಲೆ ಯಾರ ನೆನಪಿನಲ್ಲೂ ಇರಲಿಲ್ಲ. ಕೆಳಗಿನ ಬೀದಿಯವರೂ ಹತ್ತುತ್ತಿರಲಿಲ್ಲ. ಹಾಗಾಗಿ ಹೊಸ ಛೇರ್ಮನ್ನರಿಗೆ ಒಂದು ಕುರ್ಚಿ ಮಾಡಿಸಿ ಜಗಲಿಯ ಕೆಳಗೆ, ಅಂಗಳದ ಮಣ್ಣಿನಲ್ಲಿ ಹಾಕಿದರು. ಮೆಂಬರುಗಳು ಮೇಲೆ, ಛೇರ್ಮನ್ ಕೆಳಗೆ. "ಕತ್ತೆತ್ತಿ ಕತ್ತೆತ್ತಿ ಕುತ್ಗೆ ನೋವು ಬಂದದ್ದೇ ಲಾಬ. ಅವರ ಮೊಕ ಕಾಣ್ತಿರ್ಲಿಲ್ಲ, ಕಾಲು ಕಾಣೋದು. ಯಾರ ಇಮ್ಮಡಿ ಒಡೆದದೆ, ಯಾರ ಉಗುರು ಬೆಳೆದದೆ ಅಂತ ಎಲ್ಲಾ ನಂಗೊತ್ತು!" ಎಂದು ಪುಟ್ಟಗೌರಮ್ಮ ಹೊಟ್ಟೆ ಹಿಡಿದು ನಗುತ್ತಾರೆ.

ಅಂಗಳದ ಕುರ್ಚಿಯಿಂದಲೇ ಅವರು ಶಾಲೆಗೆ ಎರಡನೇ ಮೇಷ್ಟರನ್ನು ತರಿಸಿದರು, ಬಸ್ಸು ಊರ ಮುಂದೆ ನಿಲ್ಲುವಂತೆ ಮಾಡಿದರು. ಮೇಲೆ ಕೂತವರು ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಟ್ಟಿದ್ದು ನೀರಿನ ವಿಷಯಕ್ಕೆ.

ಎರಡು ವರ್ಷದ ಹಿಂದಿನ ಮಾತು. ಊರಿಗೊಂದು ಕೊಳವೆ ಬಾವಿ, ಅದಕ್ಕೊಂದು ಕೈಪಂಪು ಮಂಜೂರಾಯಿತು. ಬೋರು ಕೊರೆಯುವ ಲಾರಿ ಬುಧವಾರ ಬರುತ್ತದೆ, ಎಲ್ಲಿ ಕೊರೆಯಬೇಕೆಂಬ ಪಂಚಾಯಿತಿ ತೀರ್ಮಾನ ಕೈಗೆ ಕೊಡಬೇಕು, ಇಲ್ಲದಿದ್ದರೆ ಲಾರಿ ನಿಲ್ಲದೆ ಮುಂದಿನ ಊರಿಗೆ ಹೋಗುತ್ತದೆ ಎಂದು ಸೆಕ್ರೆಟರಿ ಶಿವನಂಜಯ್ಯ ಓದಿ ಹೇಳಿದರು. ಭೂಮಿ ನೋಡಲು ಬಂದವರು ನೀರು ಸಿಗಬಹುದೆಂದು ಎರಡು ಕಡೆ ಕಲ್ಲು ನೆಟ್ಟು ಹೋಗಿದ್ದರು. ಒಂದು ಸದಾಶಿವಪ್ಪನವರ ಮನೆಯ ಮಗ್ಗುಲಲ್ಲಿ, ಅವರ ಸೊಪ್ಪಿನ ತೋಟಕ್ಕೆ ತಾಗಿದಂತೆ. ಇನ್ನೊಂದು ಕೆಳಗಿನ ಬೀದಿಯ ತಲೆಯಲ್ಲಿ. ಮನೆ ಮಗ್ಗುಲಲ್ಲಿ ಪಂಪು ಬಿದ್ದರೆ ಅದು ಯಾರ ಪಂಪು ಆಗುತ್ತದೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಕೆಳಗಿನ ಬೀದಿಯವರ ಪಾಲಿಗೆ ಮತ್ತೆ ಅದೇ ಹಳ್ಳ, ಅದೇ ಚಿಪ್ಪು. ಪುಟ್ಟಗೌರಮ್ಮ ಒಳಗೊಳಗೇ ಪಣ ತೊಟ್ಟರು: ಈ ಪಂಪು ಕೆಳಗಿನ ಬೀದಿಗೇ ಹೋಗಬೇಕು.

"ಮಂಗಳವಾರ ಬೆಳಿಗ್ಗೆ ಸೇರಿ ತೀರ್ಮಾನ ಮಾಡ್ಬುಡೋಣ" ಎಂದರು ಸದಾಶಿವಪ್ಪ, ಮೀಸೆಯ ಮರೆಯಲ್ಲಿ ನಗುತ್ತ.

ಆ ನಗುವಿಗೆ ಅರ್ಥವಿತ್ತು. ರೇಷ್ಮೆಹುಳ ಬೆಳೆಯುತ್ತ ಆಗಾಗ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ಹುಳ ಬಕಾಸುರನ ಹಾಗೆ ತಿಂದು, ಒಂದು ವಾರದಲ್ಲಿ ಹಣ್ಣಾಗುತ್ತದೆ. ಮೈ ಮಿರಮಿರ ಮಿಂಚಿ ಹಳದಿಗೆ ತಿರುಗಿದ ಹುಳವನ್ನು ಆ ದಿನವೇ ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಡಿಕೆಗೆ, ಬಿಡಬೇಕು. ಬಿಡದಿದ್ದರೆ ಕಸದಲ್ಲೇ ನೂಲು ಸುತ್ತಿ ಬೆಳೆ ಹಾಳು. ಪುಟ್ಟಗೌರಮ್ಮನ ಹುಳ ನಾಲ್ಕನೇ ಜ್ವರ ಎದ್ದ ಸುದ್ದಿ ಬೀದಿಯಲ್ಲಿ ಕೇಳಿದ ಸದಾಶಿವಪ್ಪ ಬೆರಳು ಮಡಿಸಿ ನೋಡಿದ್ದರು. ಮಂಗಳವಾರ ಅವಳು ಮನೆ ಬಿಟ್ಟು ಅಲುಗುವಂತಿಲ್ಲ.

"ಅವತ್ತು ನಮ್ಮನೆ ಹುಳ ಅಣ್ಣಾಯ್ತವೆ ಕಣಣ್ಣ. ಒಂದಿನ ಮುಂಚೆ ಇಟ್ಕಳಿ" ಎಂದು ಪುಟ್ಟಗೌರಮ್ಮ ಕೇಳಿಕೊಂಡರು.

"ಒಬ್ರ ಮನೆ ಹುಳಕ್ಕೋಸ್ಕರ ಊರ ಕೆಲ್ಸ ನಿಲ್ಸಕ್ಕಾಯ್ತದಾ? ಛೇರ್ಮನ್ನು ಬರ್ದಿದ್ರೆ ವೈಸ್ ಛೇರ್ಮನ್ನು ನಡುಸ್ಬೋದು. ಅಲ್ವೇನ್ರಿ ಸೆಕ್ರೆಟ್ರಿಗಳೇ?" ಶಿವನಂಜಯ್ಯ ಕಾನೂನು ತಿಳಿದವರು, ತಲೆಯಾಡಿಸಿದರು. ಮೇಲೆ ಕೂತ ಅಷ್ಟೂ ಜನ ಆಗಲಿ ಆಗಲಿ ಎಂದರು.

ಇಲ್ಲೇ ನೋಡಿ ಎಡವಟ್ಟು ಆಗಿದ್ದು. ಆ ಸಲ ಹುಳದ ಮೊಟ್ಟೆ ಅಂಟಿದ ಹಾಳೆಗಳು ಇಡೀ ಊರಿಗೆ ಒಂದೇ ದಿನ ಬಂದಿದ್ದವು. ಒಂದು ಮನೆಯ ಹುಳ ಹಣ್ಣಾದರೆ ಎಲ್ಲ ಮನೆಯದೂ ಹಣ್ಣೇ. ಆದರೆ ಹುಳದ ಮನೆಯ ಕಡೆ ತಲೆ ಹಾಕುವ ಯೋಗ ಊರ ಹಿರಿಯರಿಗೆ ಇರಲಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈ ತಾಗಿದರೆ ಹುಳ ಸಾಯುತ್ತದೆ. ಜಗಲಿಯ ಮೇಲೆ ಕೂತವರೆಲ್ಲ ಒಂದೋ ಬೀಡಿ, ಇಲ್ಲ ಹೊಗೆಸೊಪ್ಪಿನವರು. ಸದಾಶಿವಪ್ಪನವರ ಹೆಂಡತಿ ಚನ್ನಾಜಮ್ಮನಂತೂ ಗಂಡ ಆ ಬಾಗಿಲ ಹತ್ತಿರ ಸುಳಿದರೆ ಪೊರಕೆ ಹುಡುಕುತ್ತಿದ್ದರು. "ನಮ್ಮ ಹುಳ ಜ್ವರ ಎದ್ದವೆ" ಎಂದು ಮನೆಯಲ್ಲಿ ಮಾತು ಬಿದ್ದಾಗ ಸದಾಶಿವಪ್ಪ ಮೂರನೆಯದಿರಬೇಕು ಎಂದುಕೊಂಡು ಊಟ ಮುಂದುವರಿಸಿದ್ದರು.

"ನಿಮಗೆ ಗೊತ್ತಿದ್ದೂ ಸುಮ್ಮನಿದ್ದಿರಾ?" ಎಂದು ಕೇಳಿದರೆ ಪುಟ್ಟಗೌರಮ್ಮ ಕೆನ್ನೆ ಬಡಿದುಕೊಳ್ಳುತ್ತಾರೆ. "ದೇವ್ರಾಣೆಗೂ ಇಲ್ಲ ಸಾ. ದೊಡ್ಡೋರು, ಆಳುಕಾಳು ಇಟ್ಕಂಡವ್ರೆ, ಏನೋ ಏರ್ಪಾಟು ಮಾಡ್ಕಂಡಿರ್ಬೇಕು ಅಂದ್ಕಂಡೆ. ತಮ್ಮ ಮನೆ ಹುಳದ ಲೆಕ್ಕ ತಮ್ಗೇ ಗೊತ್ತಿರಲ್ಲ ಅಂತ ನಂಗೇನು ಕನಸು ಬಿದ್ದಿತ್ತಾ?"

ಮಂಗಳವಾರ ಬೆಳಕು ಹರಿಯುವಾಗ ತಟ್ಟೆಗಳೆಲ್ಲ ಹೊನ್ನಿನ ಬಣ್ಣ. ಬೇರೆ ದಿನವಾಗಿದ್ದರೆ ಪುಟ್ಟಗೌರಮ್ಮ ಕುಣಿದಾಡುತ್ತಿದ್ದರು. ಅಂದು ಮಾತ್ರ ಅಳು ಬಂತು. ಇಲ್ಲಿ ನಿಂತರೆ ಕೆಳಗಿನ ಬೀದಿಯ ನೀರು ಹೋಗುತ್ತದೆ, ಅಲ್ಲಿಗೆ ಹೋದರೆ ಮನೆಯ ಬೆಳೆ ಹೋಗುತ್ತದೆ. "ನೀ ಓಗು. ನನ್ ಕೈಲಿ ಆದಷ್ಟು ನಾ ಆರಿಸ್ತೀನಿ. ಓದಷ್ಟು ಓಯ್ತದೆ" ಎಂದ ರಂಗನಾಯಕ. ವರ್ಷಕ್ಕೊಂದು ಮಾತಾಡುವ ಗಂಡ ಆಡಿದ ಆ ಮಾತು ಕೇಳಿ ಪುಟ್ಟಗೌರಮ್ಮ ಮುಖ ತೊಳೆದು ಹೊರಟು ನಿಂತರು. ಅಷ್ಟರಲ್ಲಿ ಮಂಟೇಸ್ವಾಮಿ ಏದುಸಿರು ಬಿಡುತ್ತ ಓಡಿ ಬಂದ.

"ಅಮ್ಮಾ, ಚಾವಡೀಲಿ ಒಂದು ನರಪಿಳ್ಳೆ ಇಲ್ಲ! ಮನೆಮನೆಗೂ ಓಗ್ಬಂದೆ. ಒಬ್ರನ್ನೂ ಹೆಂಡ್ರು ಬುಡ್ತಿಲ್ಲ. ಎಲ್ರ ಮನೇಲೂ ಹುಳ ಅಣ್ಣಾಗವೆ."

"ಸದಾಶಿವಪ್ಪನೋರು?"

"ಚನ್ನಾಜಮ್ಮೋರು ಸೋಪಾಕಿ ಮೂರು ಸಲ ಕೈ ತೊಳ್ಸಿ, ಬಾಯಿ ಮುಕ್ಕುಳ್ಸಿ, ಹುಳ ಆರ್ಸಕ್ಕೆ ಕೂರ್ಸವ್ರೆ ಅಮ್ಮಾ!"

ಪುಟ್ಟಗೌರಮ್ಮ ಹೊಸ್ತಿಲ ಮೇಲೆ ಕುಸಿದು ಕೂತು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಮುಗಿದಾಗ ಇನ್ನೊಂದು ಲೆಕ್ಕ ಹೊಳೆಯಿತು. ಜನ ಸೇರದಿದ್ದರೆ ಮೀಟಿಂಗಿಲ್ಲ. ಮೀಟಿಂಗಿಲ್ಲದಿದ್ದರೆ ತೀರ್ಮಾನವಿಲ್ಲ. ನಾಳೆ ಲಾರಿ ಬಂದು ಹಾಗೇ ಹೋಗುತ್ತದೆ. ಮೇಲಿನ ಬೀದಿಗೂ ಇಲ್ಲ, ಕೆಳಗಿನ ಬೀದಿಗೂ ಇಲ್ಲ.

ಆ ಹೊಸ್ತಿಲ ಮೇಲೆಯೇ ಅವರಿಗೆ ದಾರಿ ಕಂಡಿದ್ದು. ಹುಳ ಬಿಟ್ಟು ಜನ ಬರಲಾರರು, ಸರಿ. ಹುಳದ ಜೊತೆಗೆ ಬರಲಿ. ಹಣ್ಣು ಹುಳ ಬಿಟ್ಟ ಚಂದ್ರಿಕೆಗೆ ನೆರಳೂ ಬೇಕು, ಗಾಳಿಯೂ ಬೇಕು. ಇಡೀ ಊರಿನಲ್ಲಿ ಅಂಥ ದೊಡ್ಡ ನೆರಳು, ಗಾಳಿ ಎರಡೂ ಇರುವ ಜಾಗ ಒಂದೇ.

"ಮಂಟೇಸ್ವಾಮಿ, ಊರೆಲ್ಲ ಸಾರ್ಬಿಡು. ತಟ್ಟೆ, ಚಂದ್ರಿಕೆ ಎಲ್ಲಾ ತಕಂಡು ಚಾವಡಿಗೆ ಬರ್ಲಿ. ಕೆಳಗಿನ ಬೀದಿ ಹೆಂಗಸ್ರಿಗೂ ಯೋಳು. ಎಲ್ರ ಹುಳಾನೂ ಎಲ್ರೂ ಸೇರಿ ಆರ್ಸೋಣ."

ಕೆಳಗಿನ ಬೀದಿಯವರನ್ನು ಕರೆದದ್ದು ಹೊಸತೇನಲ್ಲ. ಹೊಂಗೇದೊಡ್ಡಿಯ ಪದ್ಧತಿಯೇ ಹಾಗೆ. ಬೇರೆ ದಿನ ಅಂಗಳದಾಚೆ ನಿಲ್ಲುವವರು, ಹುಳ ಹಣ್ಣಾದ ದಿನ ಎಲ್ಲ ಮನೆಯ ಹುಳದ ಕೋಣೆಗೂ ಬರುತ್ತಾರೆ. ಅಂದು ಯಾರ ಕೈ ಎಂದು ಯಾರೂ ಕೇಳುವುದಿಲ್ಲ, ಚುರುಕು ಕೈಯಾದರೆ ಸಾಕು. ಆದರೆ ಅದು ಮನೆಯೊಳಗಿನ ಮಾತು. ಚಾವಡಿಯ ಜಗಲಿಯ ಮೇಲೆ ಹಾಗೆ ನಡೆದದ್ದಿಲ್ಲ.

ಚಂದ್ರಿಕೆಗಳನ್ನು ತಲೆಯ ಮೇಲೆ ಹೊತ್ತ ಹೆಂಗಸರ ಮೆರವಣಿಗೆ ಚಾವಡಿಯ ಮುಂದೆ ಬಂದು ನಿಂತಿತು. ಎಲ್ಲರ ಕಾಲೂ ಅಂಗಳದಲ್ಲೇ ನೆಟ್ಟಿತ್ತು. ಬಾಗಿದ ಬೆನ್ನಿನ ಕೆಂಪಮಾದಮ್ಮನೂ ಹಿಂದೆ ನಿಂತಿದ್ದಳು. ಪುಟ್ಟಗೌರಮ್ಮ ತಮ್ಮ ತಲೆಯ ಮೇಲಿದ್ದ, ಒಂದಿಷ್ಟು ಹುಳ ಆಗಲೇ ಬಿಟ್ಟಿದ್ದ ಚಂದ್ರಿಕೆಯನ್ನು ಜಗಲಿಯ ಮೇಲಿಟ್ಟು ಕಂಬಕ್ಕೆ ಒರಗಿಸಿದರು. ಆಮೇಲೆ ಸೀರೆ ತುಸು ಎತ್ತಿ ಹಿಡಿದು ಮೆಟ್ಟಿಲು ಹತ್ತಿದರು.

ಹೆಂಡತಿಯ ಖಾಲಿ ಚಂದ್ರಿಕೆ ಹೊತ್ತು ತಂದಿದ್ದ ಕೆಂಪನಂಜಪ್ಪ ಬೆಚ್ಚಿ, "ಲೇ ಗೌರಮ್ಮ! ಹೆಂಗಸ್ರು ಜಗ್ಲಿ ಹತ್ತಂಗಿಲ್ಲ ಕಣಮ್ಮಾ" ಎಂದರು.

"ನಾನೆಲ್ಲಿ ಹತ್ತುದ್ನಣ್ಣ? ಹುಳ ಹತ್ತದೆ. ಅದುನ್ನ ನೋಡ್ಕಳಕ್ಕೆ ಹಿಂದೆ ಬಂದೆ. ಬ್ಯಾಡ ಅಂದ್ರೆ ನೀನೇ ಇಳ್ಸು."

ಕೆಂಪನಂಜಪ್ಪ ತಮ್ಮ ಬೆರಳುಗಳನ್ನು ನೋಡಿಕೊಂಡರು. ಬೆಳಗಿನಿಂದ ಎಳೆದ ಬೀಡಿಯ ವಾಸನೆ ಹಾಗೇ ಇತ್ತು. ಗೂಡಿನ ವ್ಯಾಪಾರದವರು ಹಣ್ಣು ಹುಳದ ಮೇಲೆ ಅಂಥ ಕೈ ಇಟ್ಟಾರೆಯೇ? ಸುಮ್ಮನೆ ಹೋಗಿ ಕೈ ತೊಳೆದುಕೊಂಡು ಬಂದರು. ಅಷ್ಟರಲ್ಲಿ ಚನ್ನಾಜಮ್ಮ ಹತ್ತಿದ್ದರು. ಅವರ ಹಿಂದೆ ಮೇಲಿನ ಬೀದಿ, ಅದರ ಹಿಂದೆ ಕೆಳಗಿನ ಬೀದಿ. ಕೊನೆಗೆ ಕೆಂಪಮಾದಮ್ಮನನ್ನು ಪುಟ್ಟಗೌರಮ್ಮನೇ ಕೈ ಹಿಡಿದು ಎಳೆದುಕೊಂಡರು. ಯಾರೋ ಕೆಳಗಿದ್ದ ಕುರ್ಚಿಯನ್ನೂ ಎತ್ತಿ ಮೇಲಿಟ್ಟರು. ಪುಟ್ಟಗೌರಮ್ಮ ಅದರ ಮೇಲೆ ಹುಳದ ತಟ್ಟೆ ಇಟ್ಟು, ತಾವು ಪಕ್ಕದಲ್ಲಿ ನೆಲಕ್ಕೆ ಕೂತರು.

ಹೊಂಗೇದೊಡ್ಡಿಯ ಇತಿಹಾಸದಲ್ಲಿ ಅಂಥ ಮೀಟಿಂಗು ಹಿಂದೆ ನಡೆದಿರಲಿಲ್ಲ. ಬೀಡಿ ಇಲ್ಲ, ಎಲೆಅಡಿಕೆ ಇಲ್ಲ. ಮೆಂಬರುಗಳ ತೊಡೆಯ ಮೇಲೆ ತಟ್ಟೆ, ಬೆರಳಲ್ಲಿ ಹುಳ. ಜೋರಾಗಿ ಮಾತಾಡುವಂತಿಲ್ಲ. ಗದ್ದಲಕ್ಕೆ ಹುಳ ಬೆದರುತ್ತದೆಂದು ನಂಬಿದವರು ಇಲ್ಲಿನ ಹೆಂಗಸರು. ಸದಾಶಿವಪ್ಪ ಎಂದಿನಂತೆ ಗಂಟಲು ಸರಿಮಾಡಿಕೊಂಡು, "ಪಂಪು ಊರ ಮಧ್ಯೆ ನಮ್ಮನೆ ಮಗ್ಗುಲಿಗೆ ಇದ್ರೇ..." ಎಂದು ಏರುದನಿ ತೆಗೆದರೆ ಐವತ್ತು ಬಾಯಿ ಒಟ್ಟಿಗೆ "ಶ್!" ಎಂದವು. ಸಿಂಹದಂಥ ಸದಾಶಿವಪ್ಪ ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ ಭಾಷಣ ಮಾಡಬೇಕಾಯಿತು.

ಭಾಷಣ ಮುಗಿದಾಗ ಮಾತಾಡಿದವರು ಪುಟ್ಟಗೌರಮ್ಮನಲ್ಲ, ಚನ್ನಾಜಮ್ಮ. ಹುಳ ಆರಿಸುವ ಕೈ ನಿಲ್ಲಿಸದೆ, ತಲೆ ಎತ್ತದೆ ಅವರು ಹೇಳಿದರು. "ಪಂಪು ನಮ್ಮನೆ ಮಗ್ಗುಲಿಗೆ ಬಂದ್ರೆ ಇವರು ಕೆಳಗಿನ ಬೀದಿಯೋರ್ನ ಹತ್ರ ಸೇರ್ಸಲ್ಲ. ನಂಗೊತ್ತು ಇವರ ಬುದ್ಧಿ, ನಾನು ಸಂಸಾರ ಮಾಡಿವ್ನಿ. ಹುಳ ಅಣ್ಣಾದ ದಿನ ಕೆಂಪಮಾದಮ್ಮ ಬರ್ಬೇಕು, ಅವಳ ಸೊಸೇರು ಬರ್ಬೇಕು. ನೀರಿಗೆ ಬ್ಯಾಡ ಅಂದು, ಹುಳಕ್ಕೆ ಬನ್ನಿ ಅಂತ ನಾನ್ಯಾವ ಮೊಕ ಇಟ್ಕಂಡು ಕರೀಲಿ?"

ಸದಾಶಿವಪ್ಪ ಹೆಂಡತಿಯನ್ನು ನೋಡಿದರು, ತಮ್ಮ ತಟ್ಟೆಯಲ್ಲಿ ಅರ್ಧ ಆರಿಸದೆ ಉಳಿದ ಹುಳ ನೋಡಿದರು. ಆ ಅರ್ಧವನ್ನು ಸದ್ದಿಲ್ಲದೆ ತನ್ನ ಕಡೆ ಎಳೆದುಕೊಂಡು ಆರಿಸುತ್ತಿದ್ದದ್ದು ಕೆಂಪಮಾದಮ್ಮನ ಕೈ.

"ಕೆಳಗಿನ ಬೀದಿಗೆ ಅನ್ನೋರು ಕೈ ಎತ್ತಿ" ಎಂದರು ಶಿವನಂಜಯ್ಯ. ಪುಟ್ಟಗೌರಮ್ಮನ ಕೈ ಮೊದಲು ಎದ್ದಿತು. ಕೆಂಪನಂಜಪ್ಪನವರದು ಆಮೇಲೆ. ಒಂದೊಂದಾಗಿ ಮಿಕ್ಕ ಮೆಂಬರುಗಳವು. ಎತ್ತಿದ ಕೈಗಳಲ್ಲೆಲ್ಲ ಹುಳ ಹೊಳೆಯುತ್ತಿತ್ತು. ಎಲ್ಲರಿಗಿಂತ ಕೊನೆಗೆ ಸದಾಶಿವಪ್ಪ, ಬೆರಳ ನಡುವಿನ ಹುಳಕ್ಕೆ ನೋವಾಗದಂತೆ, ಮೆಲ್ಲಗೆ ಕೈ ಎತ್ತಿದರು. "ಹೆಂಡ್ತಿ ಮಾತು ಕೇಳಿ ಕೆಟ್ಟೋರಿಲ್ಲ ಬುಡಿ" ಎಂದು ಯಾರೋ ಪಿಸುಗುಟ್ಟಿದರು. ಆಗ ಎದ್ದ ನಗುವಿಗೆ ಮಾತ್ರ ಯಾರೂ ಶ್ ಎನ್ನಲಿಲ್ಲ.

ಸಂಜೆಯೊಳಗೆ ಊರಿನ ಅಷ್ಟೂ ಹುಳ ಚಂದ್ರಿಕೆ ಸೇರಿತು. ಆ ವರ್ಷದ ಗೂಡಿನಂಥ ಗೂಡು ಮತ್ತೆ ಬಂದಿಲ್ಲವೆಂದು ಕೆಂಪನಂಜಪ್ಪ ಇಂದಿಗೂ ಹೇಳುತ್ತಾರೆ.

ಮರುದಿನ ಲಾರಿ ಬಂತು. ಕೊರೆಯುವವರು ತಮಿಳು ಸೀಮೆಯ ಹುಡುಗರು. ಕೆಳಗಿನ ಬೀದಿಯ ಕಲ್ಲು ನೆಲ ನೋಡಿ ಅವರ ಮುಖ ಸಣ್ಣದಾಯಿತು. "ಅಕ್ಕಾ, ಇಂಗೆ ತಣ್ಣಿ ವರುಮಾ?" ಇಲ್ಲಿ ನೀರು ಬಂದೀತೇ ಎಂದು ಅವರ ಪ್ರಶ್ನೆ. ಪಾಲಾರಿನ ಮಗಳು ಸೊಂಟಕ್ಕೆ ಕೈಯಿಟ್ಟು "ವರುಂ ತಂಬಿ, ನೀ ಪೋಡು" ಎಂದರು, ಬರುತ್ತದೆ ತಮ್ಮಾ, ನೀನು ಹಾಕು ಎಂದು. ಬಾಯಲ್ಲಿ ಧೈರ್ಯ, ಒಳಗೆ ಮಾದಪ್ಪನಿಗೆ ಹರಕೆ. ಮಧ್ಯಾಹ್ನದವರೆಗೆ ಬರೀ ಬಿಳಿ ಧೂಳು. ಊಟಕ್ಕೆ ಯಾರೂ ಮನೆಗೆ ಹೋಗಲಿಲ್ಲ. ಹೊತ್ತು ವಾಲುವಾಗ ಧೂಳು ಕೆಸರಾಯಿತು, ಕೆಸರು ನೀರಾಯಿತು, ನೀರು ಆಳೆತ್ತರ ಚಿಮ್ಮಿತು. ಕೆಳಗಿನ ಬೀದಿಯ ಹೆಂಗಸರು ಮಕ್ಕಳಂತೆ ಅದರಡಿಯಲ್ಲಿ ನಿಂತು ನೆನೆದರು. ಛೇರ್ಮನ್ನರೂ ನೆನೆದರು.

ಆ ದಿನದಿಂದ ಕುರ್ಚಿ ಜಗಲಿಯ ಮೇಲೆಯೇ ಇದೆ. ಇಳಿಸೋಣ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಚನ್ನಾಜಮ್ಮನ ಪೊರಕೆ ಇದ್ದೇ ಇತ್ತು. ಮಂಟೇಸ್ವಾಮಿ ಈಗ ರುಜುವಿಗಾಗಿ ಹಿತ್ತಲ ಬಾಗಿಲಿಗೆ ಹೋಗುವುದಿಲ್ಲ, ತಾನೂ ಜಗಲಿ ಹತ್ತಿ ಪುಸ್ತಕ ಹಿಡಿಯುತ್ತಾನೆ. ಮೀಟಿಂಗಿನಲ್ಲಿ ಬೀಡಿ ಸೇದಬಾರದೆಂಬ ನಿಯಮವೂ ಹಾಗೇ ಉಳಿದಿದೆ. ಹುಳ ಇಲ್ಲದ ದಿನ ಯಾಕಮ್ಮಾ ಎಂದು ಸದಾಶಿವಪ್ಪ ಗೊಣಗಿದರೆ, "ನಾನಿಲ್ವಾ?" ಎಂಬ ಉತ್ತರ ಸಿದ್ಧವಾಗಿದೆ.

ತಾಲ್ಲೂಕು ಬೋರ್ಡಿಗೆ ನಿಲ್ಲಿ ಎಂದು ಕೊಳ್ಳೇಗಾಲ, ಯಳಂದೂರಿನ ಕಡೆಯವರೆಲ್ಲ ಬಂದು ಹೋಗುತ್ತಿದ್ದಾರೆ. ಪುಟ್ಟಗೌರಮ್ಮನ ಆಸೆ ಬೇರೆ. "ನಾನು ಇನ್ನೆಷ್ಟು ದಿನ ಇದ್ದೇನು ಸಾ? ನನ್ನಾದ ಮ್ಯಾಕೆ ಯಾವ ಹೆಣ್ಮಗಳಾದ್ರೂ ಬರ್ಲಿ, ಮೇಲ್ಗಡೆಯೋಳು ಬರ್ಲಿ, ಕೆಳ್ಗಡೆಯೋಳು ಬರ್ಲಿ. ಆ ಕುರ್ಚಿ ಮಾತ್ರ ಮತ್ತೆ ಕೆಳಿಕೆ ಇಳೀಬಾರ್ದು."

ಮಾತಾಡುತ್ತಲೇ ಹುಳಕ್ಕೆ ಸೊಪ್ಪು ಹಾಕಿ ಮುಗಿಸಿದ್ದಾರೆ. ಬಿಸಿಲು ಹತ್ತುತ್ತಿದೆ. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಕೆಳಗಿನ ಬೀದಿಗೆ ನಡೆಯುತ್ತಾರೆ. ಪಂಪಿನ ಹತ್ತಿರ ಎರಡೂ ಬೀದಿಯ ಕೊಡಗಳು ಒಂದೇ ಸಾಲಿನಲ್ಲಿ ಕೂತಿವೆ. ಸೊಪ್ಪು ಕುಯ್ಯಲು ಹೊತ್ತಾಯಿತೆಂಬ ಅವಸರದಲ್ಲಿ ಪುಟ್ಟಗೌರಮ್ಮ ತಮ್ಮ ಕೊಡವನ್ನು ಒಂದಿಷ್ಟು ಮುಂದೆ ಇಡುತ್ತಾರೆ. ಗದ್ದಕ್ಕೆ ಕೋಲೂರಿ ಕೂತಿದ್ದ ಕೆಂಪಮಾದಮ್ಮ ಕೋಲಿನಿಂದಲೇ ಅದನ್ನು ಹಿಂದಕ್ಕೆ ತಳ್ಳುತ್ತಾಳೆ.

"ಛೇರ್ಮನ್ನು ನೀನು ಜಗ್ಲಿ ಮ್ಯಾಲೆ ಕಣವ್ವ. ಇಲ್ಲಿ ನಂದಾದ ಮ್ಯಾಕೆ ನಿಂದು."

ಸುತ್ತಲಿನವರು ಗೊಳ್ಳೆಂದು ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವರು ಪುಟ್ಟಗೌರಮ್ಮ. ಕೊಡವನ್ನು ಮುದುಕಿಯ ಕೊಡದ ಹಿಂದೆ ಸರಿಯಾಗಿ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಬರೆಯಲು ಬಂದವರ ಕಡೆ ತಿರುಗುತ್ತಾರೆ.

"ಕೇಳುಸ್ಕಂಡ್ರಾ ಸಾ? ಮಿಕ್ಕಿದ್ದೆಲ್ಲ ಬುಡಿ, ಇದುನ್ನ ಬರ್ಕಳಿ."